ಚುನಾವಣೆಗೆ ನಿಂತ ಮುಖ್ಯಸ್ಥ

ಲೂ ದೆಫಾ ಹುನಾನ್ ಪ್ರಾಂತ್ಯದ ಆ ಹಳ್ಳಿಗೆ ಎಷ್ಟು ಕಾಲದಿಂದ ಮುಖ್ಯಸ್ಥನಾಗಿದ್ದನೆಂದರೆ, ಊರ ಮಕ್ಕಳು ಮುಖ್ಯಸ್ಥ ಎಂಬುದೇ ಅವನ ಹೆಸರೆಂದು ತಿಳಿದಿದ್ದರು. ಮೇಲಿನ ಅಧಿಕಾರಿಗಳು ಅವನ ಹೆಸರು ಕಳಿಸುತ್ತಿದ್ದರು, ಊರು ಕೈ ಎತ್ತುತ್ತಿತ್ತು. ಏಳದ ಕೈಯನ್ನು ಅವನು ಒಂದು ನೋಟದಲ್ಲೇ ಎಬ್ಬಿಸುತ್ತಿದ್ದ. ಈ ಸಲ ಗುಪ್ತ ಮತದಾನ ಬಂತು: ಚೀಟಿ, ಪೆಟ್ಟಿಗೆ, ಮರೆಗೊಂದು ಪರದೆ. ಎದುರಿಗೆ ಹಂದಿ ಸಾಕುವ ಚೂ ನಿಂತ. ಅಂದಿನಿಂದ ದೆಫಾ ಊರಿಗೆಲ್ಲ ಸಿಗರೇಟು ಹಂಚಿದ, ನಾಯಿಗಳಿಗೂ ದಾರಿ ಬಿಟ್ಟ. ಗದ್ದೆಯ ಬದುವಿನಲ್ಲಿ ನಿಂತು, "ಊಟ ಆಯ್ತಾ ಅಕ್ಕಾ? ಮೊಣಕಾಲು ನೋವು ಹೇಗಿದೆ?" ಎಂದು ಕೇಳತೊಡಗಿದ. "ಕಾಲು ನೋಯೋದು ನಮ್ಮತ್ತೆಗೆ, ನಂಗಲ್ಲ," ಎಂದಳು ಒಬ್ಬಳು. ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರೆಂದು ಕುಗ್ಗಿದ. ನಗದಿದ್ದರೆ ಇನ್ನಷ್ಟು ಹೆದರಿದ. ಕೊನೆಗೆ ಕೂದಲೆಳೆಯ ಅಂತರದಲ್ಲಿ ಅವನೇ ಗೆದ್ದ, ಪಟಾಕಿ ಹಾರಿತು. ಮನೆಗೆ ಬಂದವನು ಹೆಂಡತಿ ಗುಯ್‌ಲಾನ್‌ಳನ್ನು ಮೆಲ್ಲಗೆ ಕೇಳಿದ: "ನೀನು ನಂಗೇ ಹಾಕಿದ್ದು ತಾನೇ?" ಅವಳು ಗಂಜಿ ಬಡಿಸುತ್ತ, "ಯಾರಿಗೆ ಹಾಕಿದ್ವಿ ಅಂತ ಹೇಳ್ಬಾರ್ದಂತೆ. ಈಗ ಹಾಗೇ ಅಂತೆ ಕಣ್ರೀ," ಎಂದಳು. ಇಷ್ಟು ವರ್ಷ ಜೊತೆಯಲ್ಲಿ ಉಂಡವಳ ಮುಖವನ್ನು ದೆಫಾ ನೋಡುತ್ತಲೇ ಕೂತ. ಅಲ್ಲಿ ಏನಿದೆಯೆಂದು ಅವನಿಗೆ ತಿಳಿಯಲಿಲ್ಲ.