ದೇವಮಣಿಗೆ ಬಿದ್ದ ಕತ್ತರಿ

ಸೊಸೆ ಅಟ್ಟದ ಮೇಲಿನ ಹಳೇ ಕಬ್ಬಿಣವನ್ನೆಲ್ಲ ಇಳಿಸಿ ಗುಜರಿಗೆ ಹಾಕಲು ರಾಶಿ ಮಾಡಿದ್ದಳು. ಅದರಲ್ಲಿ ಕುರಿ ಉಣ್ಣೆ ಕತ್ತರಿಸುವ ಕತ್ತರಿ ಕಂಡಿತು. ತುಕ್ಕು ಹಿಡಿದು ಬಾಯಿ ಕಚ್ಚಿಕೊಂಡಿತ್ತು. ಕೈಗೆ ತೆಗೆದುಕೊಂಡ ಕೂಡಲೇ ಪಕ್ಕದ ಮನೆಯ ಕುದುರೆ ದಲ್ಲಾಳಿ ನೆನಪಾದ. ಹಿಂದೆಯೇ ಸಿಟ್ಟೂ ಬಂತು. ಸತ್ತು ಎಷ್ಟೋ ವರ್ಷವಾದರೂ ನನಗೆ ಸಿಟ್ಟು ತರಿಸುವುದನ್ನು ಅವನು ಬಿಟ್ಟಿಲ್ಲ.

ಆಗ ನಾವಿದ್ದದ್ದು ತಳಕಿನ ಹತ್ತಿರ. ಚಳ್ಳಕೆರೆ, ಮೊಳಕಾಲ್ಮೂರು ಸುತ್ತ ಯಾರು ಕುದುರೆ ಮಾರಿದರೂ ಕೊಂಡರೂ ನಡುವೆ ಅವನು ಇರಲೇಬೇಕು. ಕುದುರೆಯ ಮೈಮೇಲೆ ಕೂದಲು ಸುತ್ತಿಕೊಂಡಿರುವ ಸುಳಿಗಳನ್ನು ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಆದರೆ ಎಷ್ಟು ನಿಧಾನ! ಜೇಬಿನಿಂದ ಬೇಯಿಸಿದ ಹುರುಳಿ ತೆಗೆದು ತಿನ್ನಿಸುತ್ತಾ, ಕಿವಿಯಿಂದ ಗೊರಸಿನ ತನಕ ಬೆರಳಾಡಿಸುತ್ತಾ ಅರ್ಧ ದಿನ ಕಳೆಯುತ್ತಿದ್ದ. ಮಾರುವವರ ಕಡೆಯಿಂದ ಬಂದವನು ಕೊಳ್ಳುವವರಿಗೆ ಕೆಟ್ಟ ಸುಳಿಯನ್ನೂ ತಾನೇ ತೋರಿಸುವನು. ಇಂಥ ದಲ್ಲಾಳಿಯನ್ನು ಇಟ್ಟುಕೊಂಡು ಏನು ಮಾಡುವುದು?

ನಮ್ಮಲ್ಲಿ ಒಂದು ಕಂದು ಹೆಣ್ಣುಗುದುರೆ ಇತ್ತು. ಸವಾರಿಗೂ ಸೈ, ಮರಿಗೂ ಸೈ. ನಮ್ಮ ಯಜಮಾನರು ಅದರ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದರ ನೀರು, ಹುಲ್ಲು, ಲದ್ದಿ ಎಲ್ಲ ನನ್ನ ತಲೆಗೆ ಬಂತು. ಮಲಗಿದ ಗಂಡನನ್ನು ನೋಡಲೋ, ಒದೆಯುವ ಕುದುರೆಯನ್ನು ನೋಡಲೋ? ಮಾರಿ ಎರಡು ಎಮ್ಮೆ ಕಟ್ಟಬೇಕು ಅಂತ ತೀರ್ಮಾನಿಸಿದೆ.

ದಲ್ಲಾಳಿ ಬಂದು ನೋಡಿದ. "ಎಡಗಣ್ಣಿನ ಕೆಳಗೆ ಕಣ್ಣೀರು ಸುಳಿ ಐತೆ ತಂಗಿ. ಕೊಳ್ಳೋರು ಹೆದರ್ತಾರೆ. ಆದ್ರೆ ಗಂಟಲಡಿ ಇನ್ನೊಂದು ಐತೆ..."

"ಒಂದು ಸಾಲದು ಅಂತ ಇನ್ನೊಂದು ಬೇರೆನಾ? ನಡಿ ಅಣ್ಣ, ನಿನ್ನ ಬಾಯಾಗೆ ಒಳ್ಳೇದು ಬರಾದೇ ಇಲ್ಲ" ಎಂದು, ಮಾತು ಮುಗಿಸಲೂ ಬಿಡದೆ ಕಳಿಸಿದೆ.

ಕೊಂಡ್ಲಹಳ್ಳಿಯಿಂದ ಗಿರಾಕಿ ಬರುವ ದಿನ ಬೆಳಿಗ್ಗೆ ಈ ಕತ್ತರಿ ಹಿಡಿದು ಎರಡೂ ಸುಳಿಯ ಕೂದಲನ್ನು ಬುಡಕ್ಕೆ ಕತ್ತರಿಸಿ ಎಣ್ಣೆ ಸವರಿದೆ. ಒದೆಯುವ ಕುದುರೆ ಅವತ್ತು ಯಾಕೋ ಅಲ್ಲಾಡದೆ ನಿಂತಿತ್ತು.

ದಲ್ಲಾಳಿ ತನ್ನ ಅಭ್ಯಾಸದಂತೆ ಕಣ್ಣೀರು ಸುಳಿಯ ವಿಷಯ ಗಿರಾಕಿಗೆ ಮೊದಲೇ ಹೇಳಿಬಿಟ್ಟ. ಆಮೇಲೆ ಗಂಟಲಡಿ ಕೈ ಹಾಕಿದವನು ಬಗ್ಗಿ ನೋಡಿದ.

"ಯಾರವ್ವ ಇಲ್ಲಿ ಕತ್ತರಿ ಆಡ್ಸಿದ್ದು?"

"ನಾನೇ. ಏನೀಗ?"

"ಇಲ್ಲಿದ್ದದ್ದು ದೇವಮಣಿ ಕಣೇ ತಾಯಿ! ಅದೊಂದಿದ್ರೆ ಮಿಕ್ಕ ಕೆಟ್ಟ ಸುಳಿ ಯಾವ್ದೂ ಲೆಕ್ಕಕ್ಕಿಲ್ಲ. ಅದನ್ನೇ ಬೋಳಿಸಿದ್ಯಲ್ಲೇ!"

ಗಿರಾಕಿ ನಕ್ಕ. "ಬಾಗುಂದಿ, ಚೆನ್ನಾಗೈತೆ ನಿಮ್ಮ ಯವಾರ! ಕಣ್ಣೀರು ಸುಳಿ ಮುಚ್ಚಿಟ್ಟೋರು ದೇವಮಣಿ ಇತ್ತು ಅಂತ ನನ್ನ ಕಿವಿಮ್ಯಾಲೆ ಹೂ ಇಡ್ತೀರಾ?"

ಹೊರಟವನ ಹೆಗಲ ಟವೆಲ್ ಹಿಡಿದು ದಲ್ಲಾಳಿ ನಿಲ್ಲಿಸಿದ. "ಕೂದ್ಲು ಬರೋ ತನಕ ತಡೀರಿ. ಬಂದಾಗ ಅಲ್ಲಿ ಸುಳಿ ಇಲ್ದಿದ್ರೆ ಇನ್ನು ಮ್ಯಾಲೆ ನಾನು ಯಾವ ಕುದ್ರೆ ಮೈನೂ ಮುಟ್ಟಾಕಿಲ್ಲ."

ಅವನ ಬದುಕೇ ಅದು. ನನ್ನ ದಡ್ಡತನಕ್ಕೆ ಅದನ್ನು ಪಣಕ್ಕಿಟ್ಟ. ಯಾರು ಕೇಳಿದ್ದರು ಅವನನ್ನು?

ಆಮೇಲೆ ದಿನಾ ಬೆಳಿಗ್ಗೆ ಹುರುಳಿ ಹಿಡಿದು ನಮ್ಮ ಅಂಗಳಕ್ಕೆ ಹಾಜರು. ಗಂಟಲಡಿ ತಡವುವುದು, "ಇನ್ನೂ ಬರ್ಬೇಕು" ಅನ್ನುವುದು. "ನೀನು ತಡವಿದ್ರೆ ಬೇಗ ಬರ್ತಾವಾ?" ಅಂತ ನಾನು ಬೈಯುವುದು. ಬಂದವನು ಕುದುರೆಗೆ ನೀರು ಕುಡಿಸಿ, ಲದ್ದಿಯನ್ನೂ ಬಾಚಿ ಹೋಗುತ್ತಿದ್ದ. ಅಷ್ಟು ದಿನ ನಾನು ಅದಕ್ಕೆ ಒಂದು ಕೊಡ ನೀರೂ ಹೊತ್ತಿರಲಿಲ್ಲ ಅನ್ನುವುದು ತಲೆಗೆ ಹೊಳೆದದ್ದು ಕುದುರೆ ಹೋದ ಮೇಲೆ...

ಒಂದು ದಿನ "ನೀನೇ ಮುಟ್ಟಿ ನೋಡು ತಂಗಿ" ಅಂದ. ಬೆರಳ ತುದಿಗೆ ಸಣ್ಣಗೆ ಸುತ್ತಿಕೊಂಡ ಕೂದಲು ಸಿಕ್ಕಿತು. ಗಿರಾಕಿ ಬಂದ, ನೋಡಿದ, ಕುದುರೆ ಹಿಡಿದುಕೊಂಡು ಹೋದ. "ಇನ್ನಾದ್ರೂ ನನ್ನ ಅಂಗಳ ಬಿಡು ಅಣ್ಣ" ಅಂದೆ. ನಗುತ್ತಾ ಹೋದ. ಅವನು ಸಾಯುವ ತನಕವೂ ಅದರ ಬಗ್ಗೆ ಒಂದು ಒಳ್ಳೇ ಮಾತು ಆಡಲಿಲ್ಲ ನಾನು.

ಈಗ ಸೊಸೆಯ ತಮ್ಮ ಕುದುರೆ ಕೊಳ್ಳುತ್ತಾನಂತೆ. ಫೋನಿನಲ್ಲಿ ಚಿತ್ರ ತೋರಿಸಿದ. "ಗಂಟಲಡಿ ತೋರ್ಸು" ಅಂದೆ. "ಅದ್ಯಾಕತ್ತೆ, ಬಣ್ಣ ನೋಡಿ ಹೆಂಗೈತೆ!" ಅಂದ. ಸುಳಿಯ ವಿಷಯ ಹೇಳಲು ಹೋದೆ, ಮಾತು ಮುಗಿಸಲು ಬಿಡಲಿಲ್ಲ. ಪಕ್ಕದ ಮನೆಯಣ್ಣನಿಗೆ ತೋರಿಸು ಅನ್ನುವುದು ಬಾಯಿ ತನಕ ಬಂತು, ನುಂಗಿಕೊಂಡೆ.

ಗುಜರಿಯವನು ಬಂದ. ಕತ್ತರಿ ಕೊಡಲಿಲ್ಲ.