ದಿವಾನ್ ಕಾಟಿನ ಬಷೀರ್ ಸಾಬರು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಮನೆಗಳಲ್ಲಿ ನಡುಮನೆ ಅನ್ನುವುದು ಹೆಸರಿಗೆ ಒಂದು ಕೋಣೆ. ಗೂಡಿನ ದಲ್ಲಾಳಿ ಬಂದರೆ ಕೂರುವುದು ಅಲ್ಲಿ, ಕತ್ತಲಾದರೆ ಅರ್ಧ ಸಂಸಾರ ಮಲಗುವುದು ಅಲ್ಲಿ, ರಜಾಯಿಯಿಂದ ಹಿಡಿದು ನೂಲಿನ ಲಡಿಯವರೆಗೆ ತುಂಬಿಡುವುದೂ ಅಲ್ಲೇ. ಇಂಥ ಮನೆಗಳಿಗೆಂದೇ ಹುಟ್ಟಿದಂತಿರುವ ಒಂದು ಸಾಮಾನಿದೆ. ಹಾಗೇ ಬಿಟ್ಟರೆ ಸೋಫಾ, ಎಳೆದರೆ ಹಾಸಿಗೆ, ಹಲಗೆ ಎತ್ತಿದರೆ ಪೆಟ್ಟಿಗೆ. ಊರಿಗೆ ಊರೇ ಅದನ್ನು ಕರೆಯುವುದು ‘ದಿವಾನ್ ಕಾಟ್’ ಎಂದು.

ಬಷೀರ್ ಅಹಮದ್ ಅದನ್ನೇ ಮಾರುತ್ತಿದ್ದರು. ಅಪ್ಪನ ಕಾಲದ ನೂಲಿನ ಕಾರ್ಖಾನೆ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಅಂಗಡಿ ತೆರೆದವರು. ಗ್ಯಾರಂಟಿ ಚೀಟಿ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ‘ಮುರಿದರೆ ತನ್ನಿ’ ಎಂದರೆ ಮುಗಿಯಿತು. ಮಸೀದಿ ಕಮಿಟಿಯ ಖಜಾನೆಯ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತೆಂದರೆ ಅದು ಅವರ ಬಾಯಿಮಾತಿಗೆ ಊರು ಕೊಟ್ಟಿದ್ದ ಬೆಲೆ.

ಇಲ್ಲಿಯ ಬಡಗಿಗಳು ಮಾಡುವ ದಿವಾನ್ ಕಿರಿದಾದ ಮೆಟ್ಟಿಲು ಹತ್ತುವುದಿಲ್ಲ. ಮಲೇಷಿಯಾದ್ದು ಬಿಡಿ ಭಾಗಗಳಾಗಿ ಬರುತ್ತದೆ, ಮನೆಯೊಳಗೇ ಜೋಡಿಸಬಹುದು. ಹಾಗೆಂದು ಬಷೀರ್ ಸಾಬರು ತಾವೇ ಒಂದು ಕಂಟೇನರ್ ತರಿಸಿದರು. ತರಿಸುವಾಗ ಮಲೇಷಿಯಾದವನಿಗೆ ಒಂದು ಮಾತು ಹೇಳಿದರು: ಬಿಲ್ಲಿನಲ್ಲೂ ಡಬ್ಬಿಯ ಮೇಲೂ ‘ದಿವಾನ್ ಕಾಟ್’ ಎಂದೇ ಬರಿ, ನಮ್ಮ ಗಿರಾಕಿಗಳಿಗೆ ಬೇರೆ ಹೆಸರು ಗೊತ್ತಾಗಲ್ಲ. ಅವನೂ ಹಾಗೇ ಬರೆದ. ಇವರು ಮಾಡಿದ ತಪ್ಪು ಅದೊಂದೇ. ತಮ್ಮ ಊರಿನ ಮಾತನ್ನು ಸರ್ಕಾರದ ಕಾಗದದಲ್ಲಿ ಬರೆಸಿದ್ದು.

ಕಸ್ಟಮ್ಸಿನ ಸುಂಕದ ಪುಸ್ತಕದಲ್ಲಿ ಕೂರುವುದಕ್ಕೆ ಒಂದು ಸಾಲು, ಮಲಗುವುದಕ್ಕೆ ಇನ್ನೊಂದು ಸಾಲು. ಬಿಡಿಸಿದರೆ ಹಾಸಿಗೆಯಾಗುವ ಆಸನ ಕೂಡ ಆಸನವೇ ಎಂದು ಮೊದಲ ಸಾಲೇ ಹೇಳುತ್ತದೆ. ಬಷೀರ್ ಸಾಬರ ಕಸ್ಟಮ್ಸ್ ಏಜೆಂಟ್ ಸುನೀಲ್‌ಕುಮಾರ್ ಸುಂಕದ ಕಾಗದದಲ್ಲಿ ಆ ಸಾಲನ್ನೇ ತೋರಿಸಿದ್ದ. ಮಾಲು ಮಲೇಷಿಯಾದ್ದೇ ಎಂದು ಅಲ್ಲಿಂದ ಬಂದ ಪ್ರಮಾಣಪತ್ರದಲ್ಲೂ ಅದೇ ಸಾಲಿನ ನಂಬರಿತ್ತು. ಆ ಪತ್ರವನ್ನು ಒಪ್ಪಿದರೆ ಸುಂಕದಲ್ಲಿ ರಿಯಾಯಿತಿ. ನಂಬರ್ ತಪ್ಪೆಂದಾದರೆ ರಿಯಾಯಿತಿಯೂ ಇಲ್ಲ, ಮೇಲೆ ಸುಳ್ಳು ಹೇಳಿದ ಆರೋಪ.

ಅಧಿಕಾರಿ ಬಿಲ್ಲು ನೋಡಿದ. ಮಾಲು ನೋಡಲಿಲ್ಲ.

“ಕಾಟ್ ಅಂದ್ರೆ ಏನ್ರೀ?”

“ಅದು ನಮ್ ಕಡೆ ಮಾತು ಸಾರ್. ಕೂರೋದು. ಎಳುದ್ರೆ ಮಲ್ಗೋದು.”

“ಕಾಟ್ ಅಂದ್ರೆ ಮಂಚ. ಮಂಚ ತರ್ಸಿ ಸೋಫಾ ಅಂತೀರ. ನಿಮ್ಮನೇಲಿ ಮಂಚದ ಮೇಲೆ ಕೂತ್ಕೊಂಡು ಊಟ ಮಾಡ್ತೀರೇನೋ.”

ಕೋಣೆಯಲ್ಲಿದ್ದವರು ನಕ್ಕರು. ಬಷೀರ್ ಸಾಬರು ಹೌದೆಂದು ಹೇಳಬಹುದಿತ್ತು, ಏಕೆಂದರೆ ಅದು ನಿಜವೇ ಆಗಿತ್ತು.

ಹೊರಗೆ ಚಹಾದ ಗಾಡಿಯ ಬಳಿ ಸುನೀಲ್‌ಕುಮಾರ್ ದಾರಿ ಹೇಳಿಕೊಟ್ಟ. “ಪುಸ್ತಕ ನಿಮ್ ಪರವಾಗೇ ಇದೆ ಸಾಬ್ರೇ. ಆದ್ರೆ ಪುಸ್ತಕ ಗೆಲ್ಲೋ ಹೊತ್ಗೆ ಕಸ್ಟಮ್ಸ್ ಯಾರ್ಡಲ್ಲಿ ಬಿದ್ದು ನಿಮ್ ಪ್ಲೈವುಡ್ ಪೂರಿ ಉಬ್ದಂಗೆ ಉಬ್ಬಿರುತ್ತೆ. ಮಂಚಾನೇ, ತಿಳಿದೂ ಸೋಫಾ ಅಂತ ಬರ್ಸಿದ್ದೆ, ತಪ್ಪಾಯ್ತು ಅಂತ ಒಂದು ಸಹಿ ಹಾಕ್ಬಿಡಿ. ಬಿಟ್ಬಿಡ್ತಾರೆ.”

“ನಾನು ಸುಳ್ಳು ಹೇಳ್ದೆ ಅಂತ ಸುಳ್ಳು ಹೇಳ್ಬೇಕಾ?”

“ಎಲ್ರೂ ಹಾಕ್ತಾರೆ. ಯಾರು ಓದ್ತಾರೆ ಅದನ್ನ?”

ಈ ದೇಶದ ಅರ್ಧ ಆಡಳಿತ ನಡೆಯುತ್ತಿರುವುದು ‘ಯಾರು ಓದ್ತಾರೆ’ ಎನ್ನುವ ಆ ಭರವಸೆಯ ಮೇಲೆ. ಮುಂಗಡ ಕೊಟ್ಟ ಗಿರಾಕಿಗಳು ದಿನವೂ ಅಂಗಡಿಗೆ ಬಂದು ಕೂರುತ್ತಿದ್ದರು. ಬಷೀರ್ ಸಾಬರು ಸಹಿ ಹಾಕಿದರು. ಮಾಲು ಬಂತು, ಮಾರಿಹೋಯಿತು.

ಆ ಶುಕ್ರವಾರ ನಮಾಜು ಮುಗಿದ ಮೇಲೆ ಅವರು ಖಜಾನೆಯ ಬೀಗದ ಕೈಯನ್ನು ಕಮಿಟಿಯವರ ಮುಂದಿಟ್ಟರು. ಸುಳ್ಳುಗಾರ ಎಂದು ಕೈಯಾರೆ ಬರೆದುಕೊಟ್ಟು ಬಂದಿದ್ದೇನೆ, ಇನ್ನು ಇದು ನನ್ನ ಹತ್ತಿರ ಬೇಡ ಎಂದರು. ಕಮಿಟಿಯವರು ತಮಾಷೆ ಎಂದುಕೊಂಡರು. ಅಲ್ಲವೆಂದು ಗೊತ್ತಾದಾಗ ಬೇರೊಬ್ಬರು ಬೀಗದ ಕೈ ತೆಗೆದುಕೊಂಡರು. ತೆಗೆದುಕೊಂಡವರು ಒಂದು ಸಲವೂ ಬೇಡವೆನ್ನಲಿಲ್ಲ.

ಮನೆಯಲ್ಲಿ ಹೆಂಡತಿ ಜಾನ್ ಬೀ ಮಾತ್ರ ಬಷೀರ್ ಸಾಬರನ್ನು ಬಿಡಲಿಲ್ಲ. “ಅಲ್ಲಿ ಕಳ್ಳ ಅಂತ ಸಹಿ ಹಾಕಿ ಬಂದ್ರಿ, ಇಲ್ಲಿ ಬಂದು ಸಾಚಾ ಆಗೋಕೆ ಹೊರಟ್ರಿ. ಎರಡರಲ್ಲಿ ಒಂದಾದರೂ ಸರಿಯಾಗಿ ಮಾಡಿ.”

ಎರಡನೇ ಕಂಟೇನರಿಗೆ ಬಷೀರ್ ಸಾಬರು ಇಲಾಖೆ ಹೇಳಿದ ಹಾಗೇ ನಡೆದುಕೊಂಡರು. ಬಿಲ್ಲಿನಲ್ಲಿ ಮಂಚ, ಪ್ರಮಾಣಪತ್ರದಲ್ಲಿ ಮಂಚ, ಸುಂಕದ ಕಾಗದದಲ್ಲಿ ಮಂಚ. ಆದರೆ ಕುರ್ಚಿಯಲ್ಲಿ ಹೊಸ ಅಧಿಕಾರಿ ಇದ್ದ, ಮತ್ತು ಅವನಿಗೆ ಓದುವ ಅಭ್ಯಾಸವಿತ್ತು. ಡಬ್ಬಿ ಬಿಚ್ಚಿಸಿ, ಜೋಡಿಸಿ, ಮಡಚಿ, ಎಳೆದು ನೋಡಿದ. ಪುಸ್ತಕ ತೆರೆದು ಸಾಲಿನ ಮೇಲೆ ಬೆರಳಿಟ್ಟ.

“ಇದು ಆಸನ. ನಿಯಮ ಸ್ಪಷ್ಟವಾಗಿದೆ. ಮಂಚ ಅಂತ ಯಾಕೆ ಬರೆಸಿದ್ರಿ?”

ಬಷೀರ್ ಸಾಬರಿಗೆ ಒಂದು ಕ್ಷಣ ಖುಷಿಯೇ ಆಯಿತು. “ಅದನ್ನೇ ಸಾರ್ ನಾನು ಹೋದ್ಸಲ ಹೇಳಿದ್ದು.”

“ಹೋದ್ಸಲ ಮಂಚ ಅಂತ ನೀವೇ ಒಪ್ಕೊಂಡು ಸಹಿ ಹಾಕಿದೀರಲ್ರೀ.” ಹಳೆಯ ಕಾಗದ ಅವನ ಮೇಜಿನ ಮೇಲಿತ್ತು. ಯಾರೋ ಓದಿದ್ದರು. “ಆಗ ಒಂದು ಸುಳ್ಳು, ಈಗ ಒಂದು. ನಿಮ್ಗೆ ಇದೇ ಕಸುಬು ಅಂತಾಯ್ತು.”

ಸುನೀಲ್‌ಕುಮಾರ್ ಮೆತ್ತಗೆ ಮೊಣಕೈ ತಿವಿದ. ಇನ್ನೊಂದು ಒಪ್ಪಿಗೆಯ ಕಾಗದ ಟೈಪಾಗಿ ಸಿದ್ಧವಾಗಿತ್ತು. “ಹಾಕ್ಬಿಡಿ ಸಾಬ್ರೇ, ಅಭ್ಯಾಸ ಆಗಿದೆಯಲ್ಲ.”

ಬಷೀರ್ ಸಾಬರು ಆ ಕಾಗದವನ್ನು ಅವನ ಅಂಗಿಯ ಜೇಬಿಗೇ ತುರುಕಿದರು. “ಹೋದ್ಸಲದ ಮಸೀನೇ ಇನ್ನೂ ತೊಳೆದಿಲ್ಲಪ್ಪ” ಎಂದು ಎದ್ದು ಬಂದರು.

ಮಾಲು ಯಾರ್ಡಿನಲ್ಲೇ ಉಳಿಯಿತು. ಇವರು ಅರ್ಜಿ ಬರೆಸಿದರು, ವಿಚಾರಣೆ ಮುಂದಕ್ಕೆ ಹೋಯಿತು, ಓದುವ ಅಭ್ಯಾಸದ ಅಧಿಕಾರಿಗೆ ವರ್ಗವಾಯಿತು. ಕೊನೆಗೆ ಇಲಾಖೆ ಅದನ್ನು ಹರಾಜಿಗಿಟ್ಟಿತು. ಹರಾಜಿನ ಪ್ರಕಟಣೆಯಲ್ಲಿ ಆಸನ ಎಂದೂ ಬರೆದಿರಲಿಲ್ಲ, ಮಂಚ ಎಂದೂ ಬರೆದಿರಲಿಲ್ಲ. ‘ಬಹೂಪಯೋಗಿ ಗೃಹ ಪೀಠೋಪಕರಣ, ಇದ್ದ ಹಾಗೆ’ ಎಂದಿತ್ತು. ಬಷೀರ್ ಸಾಬರ ಬಾಯಿಯಿಂದ ಬಂದಾಗ ಎರಡು ಸಲ ಸುಳ್ಳಾದ ವಸ್ತು, ಸರ್ಕಾರವೇ ಮಾರುವಾಗ ಎರಡೂ ಆಗಿ ಸುಖವಾಗಿ ನಿಂತುಕೊಂಡಿತು. ಸಹಿ ಮಾಡಲು ಯಾರನ್ನೂ ಕೇಳಲಿಲ್ಲ.

ಮೊನ್ನೆ ಮಂಡಿಕಲ್ ಕಡೆಯ ಕೋನಪ್ಪ ಅಂಗಡಿಗೆ ಬಂದಿದ್ದ. ಮಗಳ ಮದುವೆ. ಖಾಲಿ ಗೋಡೆಗಳನ್ನು ನೋಡಿ ಗೊಣಗಿದ.

“ಏನ್ ಸಾಬಣ್ಣ, ದಿವಾನ್ ಕಾಟೇ ಇಲ್ವಲ್ಲ. ಚಿಂತಾಮಣೀಲಿ ಒಬ್ಬ ರಾಶಿ ಹಾಕವ್ನೆ. ಮಲೇಷಿಯಾದ್ದಂತೆ. ಒಂದೆರಡು ಕಡೆ ಪ್ಲೈವುಡ್ ಉಬ್ಬೈತೆ ಅಷ್ಟೆ.”

“ಒಳ್ಳೇ ಮಾಲು ಕೋನಪ್ಪ. ಉಬ್ಬಿರೋದು ಬಿಟ್ಟು ಬೇರೇದು ತಗೋ.”

“ನಿಂಗೆಂಗೆ ಗೊತ್ತು?”

ಬಷೀರ್ ಸಾಬರು ಬಾಗಿಲವರೆಗೂ ಬಂದು ಚಿಂತಾಮಣಿ ಬಸ್ಸು ನಿಲ್ಲುವ ಜಾಗ ತೋರಿಸಿದರು.