ಭಾವ ಗಾಡಿ ತಡೆದ ಬೆಳಿಗ್ಗೆ

ನಮ್ಮ ಭಾವನ ಬಲಗೈ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ನುಣ್ಣಗಿನ ಮೊಂಡು. ಎಂಜಿನ್ ಓಡುತ್ತಿರುವಾಗಲೇ ಬಟ್ಟೆ ಹಿಡಿದು ಬೈಕಿನ ಚೈನು ಒರೆಸಲು ಹೋಗಿ ಕಳೆದುಕೊಂಡದ್ದು. ಮಕ್ಕಳು ಕೇಳಿದರೆ, "ಚೈನು ತಿಂದ್ಬುಡ್ತು ಕಣ್ರಲಾ" ಎಂದು ನಗುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ಶಾಂತಿಗ್ರಾಮದ ಆಸುಪಾಸಿನ ಮನೆಗಳ ಹಾಲನ್ನು ಕ್ಯಾನಿಗೆ ತುಂಬಿ ಬೈಕಿನಲ್ಲಿ ಡೇರಿಗೆ ಸಾಗಿಸುತ್ತಿದ್ದರು. ಬೈಕಿನಲ್ಲಿ ಬಂದ ನೆಂಟರಿಗೆ ಅಕ್ಕ ನೀರು ಕೊಡುವ ಮೊದಲೇ ಭಾವ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದರು. ಖಾಲಿ ಗಾಡಿಯ ಚೈನು ನೋಡುವುದನ್ನು ಅವರು ಒಪ್ಪುತ್ತಿರಲಿಲ್ಲ. "ಭಾರ ಏರ್ದಾಗ್ಲೇ ಅದ್ರ ಬಣ್ಣ ಗೊತ್ತಾಗಾದು" ಎಂದು ಇಳಿದವರನ್ನು ಮತ್ತೆ ಹತ್ತಿಸಿ, ಬ್ಯಾಗನ್ನೂ ಹೇರಿಸಿ, ಆಮೇಲೆ ಬೆರಳು ತೂರಿಸಿ ಚೈನನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಮದುವೆಗೆ ಹೊರಟವರನ್ನೂ ಹೀಗೆ ಕೂರಿಸಿ ಬೈಗುಳ ತಿಂದದ್ದುಂಟು.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಗೆ ಸರ್ಕಾರಿ ನರ್ಸ್ ಕೆಲಸ ಸಿಗುವುದರಲ್ಲಿತ್ತು. ಒಂದು ದಿನ ಮಧ್ಯಾಹ್ನ ಎರಡಕ್ಕೆ ಮಂಗಳೂರಿನಲ್ಲಿ ಮೂಲ ದಾಖಲೆ ತೋರಿಸಬೇಕು; ತಪ್ಪಿದರೆ ಕೆಲಸ ಮುಂದಿನವರ ಪಾಲು. ಅವತ್ತೇ ಬಸ್ ಮುಷ್ಕರ. ಬೆಳಕು ಹರಿಯುತ್ತಲೇ ಬಾಗೂರಿನಿಂದ ಬೈಕಿನಲ್ಲಿ ಹೊರಟೆವು. ಶಾಂತಿಗ್ರಾಮದಲ್ಲಿ ನಿಲ್ಲಿಸಿದ್ದು ಅಕ್ಕ ಕಟ್ಟಿಟ್ಟಿದ್ದ ಬುತ್ತಿಗಾಗಿ, ಅಷ್ಟೇ.

ಆಯುಧಪೂಜೆ ಮುಗಿದು ವಾರವಾಗಿರಲಿಲ್ಲ. ಮುಂದೆ ದೂರದ ದಾರಿ ಇದೆಯೆಂದು ನನ್ನ ಹೆಂಡತಿ ಪೂಜೆಯ ದಿನ ಚೈನಿಗೂ ಧಾರಾಳವಾಗಿ ಅರಿಸಿನ ಕುಂಕುಮ ಮೆತ್ತಿದ್ದಳು. ಅದು ಗ್ರೀಸಿನಲ್ಲಿ ಕಲೆತು ಗಟ್ಟಿಯಾಗಿ, ಚೈನು ಕೂರುವ ಹಲ್ಲುಚಕ್ರದ ಹಲ್ಲುಗಳನ್ನೆಲ್ಲ ಮುಚ್ಚಿತ್ತು. ಭಾವ ಬಟ್ಟೆಯಿಂದ ಒರೆಸಿದರು. ಹಿಂದಿನ ಆ ಸ್ಪ್ರಾಕೆಟ್ಟಿನ ಹಲ್ಲುಗಳು ಕುಡುಗೋಲಿನ ಹಾಗೆ ಬಾಗಿದ್ದವು. ನಮ್ಮನ್ನು ಕೂರಿಸಿಕೊಂಡೇ ಗಾಡಿಯನ್ನು ತುಸುತುಸು ಉರುಳಿಸಿದರು. ಚೈನು ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು. ಹಿಂದಕ್ಕೆ ಎಳೆದರೆ ಹಲ್ಲು ಬಿಟ್ಟು ಎದ್ದೇ ಬಂತು.

"ಈ ಗಾಡೀಲಿ ಓಗಂಗಿಲ್ಲ" ಎಂದರು.

"ಹಾಸನದಲ್ಲಿ ಬದಲಾಯಿಸ್ತೀನಿ ಭಾವ."

"ಅಂಗ್ಡಿ ತೆಗ್ಯಾದ್ ಯಾವಾಗ, ಬಿಚ್ಚಿ ಆಕಾದ್ ಯಾವಾಗ? ಶಿರಾಡಿ ಘಾಟಿ ಇಳಿವಾಗ ಚೈನ್ ಕಿತ್ತು ಚಕ್ರಕ್ಕೆ ಸುತ್ಕಂಡ್ರೆ, ಇಂದ್ಗಡೆ ಲಾರಿ ನಿಂತ್ಕತ್ತದೇನ್ಲಾ?" ಎನ್ನುತ್ತ ಕೀ ಕಿತ್ತು ಜೇಬಿಗೆ ಹಾಕಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. "ಇವಳ ಕೆಲ್ಸ ಹೋದ್ರೆ ನೀವ್ ಕೊಡಿಸ್ತೀರಾ? ಕೊಡ್ರಿ ಕೀನ!" ಎಂದು ಕಿರುಚಿದೆ. ಅಕ್ಕ ಬುತ್ತಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು. ನನ್ನ ಹೆಂಡತಿಯ ಕಣ್ಣಲ್ಲಿ ನೀರು. "ಅಣ್ಣ, ನಾನು ಕುಂಕ್ಮ ಇಟ್ಟಿದ್ದಕ್ಕಾ?" ಎಂದಳು.

"ಅದ್ಕಲ್ಲ ಕಣವ್ವ. ಹಲ್ಲು ಮೊದ್ಲೇ ಸವ್ದಿತ್ತು. ಕುಂಕ್ಮ ಮುಚ್ಚಿಟ್ಟಿತ್ತು, ಅಷ್ಟೇಯ."

ಭಾವ ಡೇರಿಗೆಂದು ತಮ್ಮ ಬೈಕಿಗೆ ಹೇರಿದ್ದ ಕ್ಯಾನುಗಳನ್ನು ಒಂದೊಂದಾಗಿ ನೆಲಕ್ಕಿಳಿಸಿ, ಅದರ ಕೀಯನ್ನು ನನ್ನ ಅಂಗೈಗೆ ಒತ್ತಿದರು.

"ಹಾಲು?" ಎಂದೆ.

"ಹಾಲ್ ನಾನ್ ನೋಡ್ಕತೀನಿ. ನೀ ಒಂಡ್ಲಾ."

ಆ ಬೈಕಿಗೆ ಹುಳಿ ಹಾಲಿನ ವಾಸನೆ. ಕ್ಯಾನಿನ ಕೊಕ್ಕೆಗಳು ಹಿಂದೆ ಕೂತವಳ ಕಾಲಿಗೆ ಒತ್ತುತ್ತಿದ್ದವು. ಘಾಟಿಯ ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತ ಬೆನ್ನಿಗೇ ಬಂದಾಗ ಅವಳು ನನ್ನ ಭುಜ ಗಟ್ಟಿಯಾಗಿ ಹಿಡಿದಳು. ನಮ್ಮ ಗಾಡಿಯ ಬಾಗಿದ ಹಲ್ಲು ನೆನೆದು ನಾನು ಬದಿಗೆ ಸರಿದು ಲಾರಿಗೆ ದಾರಿ ಬಿಟ್ಟೆ. ಕಚೇರಿ ಹೊಕ್ಕಾಗ ಅವಳ ಹೆಸರನ್ನೇ ಕೂಗುತ್ತಿದ್ದರು.

ಅವತ್ತು ಭಾವ ಕ್ಯಾನುಗಳನ್ನು ಹೆಗಲ ಮೇಲೆ ಹೊತ್ತು ಡೇರಿ ಮುಟ್ಟಿಸಿದ್ದರು. ಬೈಕು ಹಿಂದಿರುಗಿಸಲು ಹೋದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು, "ಬುಡ್ಲಾ ಅತ್ಲಾಗೆ. ಘಾಟೀಲಿ ಬ್ರೇಕ್ ಎಷ್ಟ್ ಸವೆಸಿದೀಯ, ಅದ್ನ ಮೊದ್ಲು ನೋಡ್ತೀನಿ ತಡಿ" ಎಂದು ಕುಕ್ಕರಿಸಿದರು.

ಹೋದ ವರ್ಷ ಎದೆನೋವು ಬಂದು ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿದೆವು. ವರ್ಗವಾಗಿ ಬಂದಿದ್ದ ನನ್ನ ಹೆಂಡತಿಗೆ ಅದೇ ವಾರ್ಡಿನಲ್ಲಿ ಕೆಲಸ. ಅವಳನ್ನು ನೋಡಿ, "ನೀನಿದೀಯಲ್ಲವ್ವ, ಇನ್ನೇನ್ ಬುಡು" ಎಂದರಂತೆ. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು. ಕೊನೆಯವರೆಗೂ ಅವರ ಕೈ ಹಿಡಿದಿದ್ದವಳು ಅವಳು. ಕಣ್ಣು ಮುಚ್ಚಿಸಿ, ಮುಖ ಒರೆಸಿ, ಆಮೇಲೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನನ್ನೂ ನನ್ನನ್ನೂ ಒಳಗೆ ಕರೆದಳು.